ಕೆರೆಯೂ ಈಜು ಮಾಷ್ಟ್ರೂ

ನೀರು ಪರೀಕ್ಷೆ ಮಾಡುವ ಕೆಲಸದಲ್ಲಿ ನಗು ಬರುವುದು ಹೆಚ್ಚಾಗಿ ನಗಬಾರದ ಹೊತ್ತಿನಲ್ಲಿಯೇ. ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯಿಂದ ಕೆಲವು ವರ್ಷ ಉಡುಪಿ ಪೇಟೆಯ ಕೆರೆ ಬಾವಿಗಳ ನೀರು ತಂದು ನೋಡುವುದು ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಬನ್ನಂಜೆಯ ಕಡೆಯ ಒಂದು ಕೆರೆಯನ್ನು ನೆನೆದರೆ ಈಗಲೂ ಮೊದಲು ನಗು ಬರುತ್ತದೆ. ಆಮೇಲೆ ಬರುವುದು ಬೇರೆ.

ಬಾಟಲಿ

ಮೊದಲ ಸಲ ಆ ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ, ಕಾಗದ ಸುತ್ತಿ, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆ. ನಾನು ಶಿರ್ವದ ಕ್ರಿಶ್ಚಿಯನ್ ಹೆಂಗಸು; ನಮ್ಮಂಥವರನ್ನು ಈ ಕಡೆ 'ಬಾಯಿ' ಎಂದೇ ಕರೆಯುವುದು. ಕೈಯಲ್ಲಿ ಡಬ್ಬಿ, ಅದರಿಂದ ಕತ್ತು ಹೊರಗೆ ಕಾಣುವ ಜೋಪಾನವಾದ ಬಾಟಲಿ. ಮದುವೆಗೆ ಕೊಂಡೊಯ್ಯುವ ಸಾರಾಯಿ ಎಂದು ಕಂಡಕ್ಟರ್ ತನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡ.

"ಎಂತ ಬಾಯಿ, ಯಾರ ಮನೆಯಲ್ಲಿ ಮದುವೆ?"

"ಮದುವೆ ಅಲ್ಲ. ಇದು ಕೆರೆಯ ನೀರು."

ಬಸ್ಸಿಡೀ ನಕ್ಕಿತು. ಅವನು ನಂಬಲಿಲ್ಲ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದು ಮೂಸಿ ನೋಡಿದ. ಮುಖ ಸಣ್ಣದಾಯಿತು. ಹಾಗೆ ತೆರೆದ ಬಾಟಲಿ ಪರೀಕ್ಷೆಗೆ ಬರುವುದಿಲ್ಲ. ಇಳಿದು ಪುನಃ ಕೆರೆಯ ಕಡೆ ನಡೆದೆ. ಅವನು ಫುಟ್‌ಬೋರ್ಡಿನಿಂದಲೇ ಕೂಗಿದ:

"ಬಾಯಿ, ಇದನ್ನು ಕುಡಿಯುವವರಿಗೆ ಹೇಳಿ, ಸಾರಾಯಿ ಇದಕ್ಕಿಂತ ಎಷ್ಟೋ ಒಳ್ಳೆಯದು!"

ಯಾರದ್ದು?

ಆ ನೀರಿನಲ್ಲಿ ಒಬ್ಬರು ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ಎದ್ದರೆ ಕೆರೆ. ಎರಡು ಒಣ ತೆಂಗಿನಕಾಯಿ ಸೇರಿಸಿ ಕಟ್ಟಿ ಮಕ್ಕಳ ಹೊಟ್ಟೆಯಡಿಗೆ ಕೊಟ್ಟು ನೀರಿಗಿಳಿಸುವರು. ಆ ಕೇರಿಯಲ್ಲಿ ಈಜು ಬಲ್ಲವರೆಲ್ಲ ಅವರ ಶಿಷ್ಯರೇ. ಎಲ್ಲರಿಗೂ ಅವರು ಮಾಷ್ಟ್ರು.

ಪರೀಕ್ಷೆಯಾದ ಮೇಲೆ ಅವರಿಗೆ ನಾನೇ ಹೋಗಿ ಹೇಳಬೇಕಾಯಿತು.

"ಮಾಷ್ಟ್ರೇ, ಈ ನೀರು ಸ್ನಾನಕ್ಕೂ ಆಗುವುದಿಲ್ಲ. ಇದರಲ್ಲಿ ಮಲದ ಕ್ರಿಮಿಗಳು ಉಂಟು."

"ಯಾರದ್ದು?"

"ಮನುಷ್ಯರದ್ದು."

"ಅದು ಗೊತ್ತಾಯಿತು ಬಾಯಿ. ಯಾವ ಮನುಷ್ಯನದ್ದು?"

"ಅದನ್ನು ಹೇಳುವ ಪರೀಕ್ಷೆ ಇಲ್ಲ, ಮಾಷ್ಟ್ರೇ."

"ಹಾಗಾದರೆ ಅದೆಂತ ಪರೀಕ್ಷೆ ಮಾರಾಯ್ರೆ? ನಾನು ಬೈಯುವುದು ಯಾರನ್ನು?"

ಹಸಿರು ಬಣ್ಣ

ಬೈಯುವುದು ಯಾರನ್ನೆಂದು ಕೇರಿಗೆಲ್ಲ ಗೊತ್ತಿತ್ತು. ಕೆರೆಯ ಮೇಲ್ಬದಿಯಲ್ಲಿ ಒಂದು ಹೊಸ ಲಾಡ್ಜ್ ಎದ್ದಿತ್ತು. ಅದರ ಕಕ್ಕಸಿನ ನೀರು ನೆಲದೊಳಗೆ ಎಲ್ಲಿಗೋ ಹೋಗುತ್ತಿತ್ತು. ಧಣಿಗಳನ್ನು ಕೇಳಿದರೆ, "ನಮ್ಮ ಪೈಪು ಕೆರೆಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕೆರೆಯೇ ನಮ್ಮ ಪೈಪಿನ ಹತ್ತಿರ ಬರುವುದು" ಎಂದರು.

ಆರೋಗ್ಯ ಇನ್‌ಸ್ಪೆಕ್ಟರು ಹುರುಪಿನ ಮನುಷ್ಯ. ಲಾಡ್ಜಿನ ಕಕ್ಕಸಿಗೆ ಬಣ್ಣದ ಪುಡಿ ಸುರಿದು ನೀರು ಬಿಡುವುದು, ಅದೇ ಬಣ್ಣ ಕೆರೆಯಲ್ಲಿ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಧಣಿಗಳ ಎದುರಿನಲ್ಲೇ ಸುರಿದರು. ಊರಿಗೆ ಊರೇ ದಡದಲ್ಲಿ ಬಂದು ನಿಂತಿತು. ಮಾಷ್ಟ್ರು ಲುಂಗಿ ಎತ್ತಿಕಟ್ಟಿ ಸೊಂಟದವರೆಗೆ ಇಳಿದು ಕಾದರು. ಬಿಸಿಲು ಏರಿತು. ಬಣ್ಣ ಕಾಣಲಿಲ್ಲ.

"ಸಾರ್, ನೀವು ಹಾಕಿದ್ದು ಯಾವ ಬಣ್ಣ?" ಎಂದು ನಾನು ಮೆಲ್ಲಗೆ ಕೇಳಿದೆ.

"ಹಸಿರು."

ಕೆರೆ ಮೊದಲೇ ಪಾಚಿ ಕಟ್ಟಿ ಅದಕ್ಕಿಂತ ಹಸಿರಾಗಿತ್ತು. ಧಣಿಗಳು ಎಲ್ಲರಿಗೂ ಎಳನೀರು ಕೊಡಿಸಿದರು. "ಮುಂದಿನ ಸಲ ಕೆಂಪು ತರುತ್ತೇನೆ" ಎಂದು ಇನ್‌ಸ್ಪೆಕ್ಟರು ಹೇಳಿ ಹೋದರು. ಕೆಂಪು ಬಣ್ಣ ಬರುವ ಮೊದಲು ಅವರಿಗೆ ಕಾರ್ಕಳಕ್ಕೆ ವರ್ಗಾವಣೆ ಬಂತು.

ಬಂಗುಡೆ

ಒಂದು ಬೆಳಿಗ್ಗೆ ಕೆರೆಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಳಕು ಹೆಚ್ಚಾದ ನೀರಿನಲ್ಲಿ ರಾತ್ರಿ ಪಾಚಿಯೂ ಉಸಿರಾಡಿ, ಬೆಳಗಾಗುವಾಗ ಮೀನಿಗೆ ಉಸಿರೇ ಉಳಿದಿರುವುದಿಲ್ಲ. ಇದನ್ನು ನಾನು ಮಾಷ್ಟ್ರಿಗೆ ವಿವರಿಸುತ್ತಿದ್ದೆ. ಅವರು ಕೇಳುತ್ತಿದ್ದರೋ ಇಲ್ಲವೋ. ಬುಟ್ಟಿಯಲ್ಲಿ ಸತ್ತ ಮೀನು ತುಂಬಿ ತಂದು ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹಾಕುತ್ತಿದ್ದರು.

"ನಾನು ನೀರಿನಲ್ಲಿ ನಿಂತರೆ ಕಾಲಿಗೆ ಬಂದು ಕಚ್ಚುತ್ತಿದ್ದವು" ಎನ್ನುತ್ತಾ ಗುಂಡಿಗೆ ಮಣ್ಣು ಎಳೆದರು.

ಅಷ್ಟರಲ್ಲಿ ಕಾಪುವಿನಿಂದ ಮೀನು ತಂದು ಮಾರುವ ಬ್ಯಾರಿ ಸಾಹೇಬರು ಸೈಕಲಿನಲ್ಲಿ ಪೊಂಯ್ ಪೊಂಯ್ ಎಂದು ಬಂದರು. ಯಾರೂ ಹತ್ತಿರ ಸುಳಿಯಲಿಲ್ಲ.

"ಅಯ್ಯೋ, ಇದು ಸಮುದ್ರದ ಬಂಗುಡೆ ಮಾರಾಯ್ರೆ! ಬಾಯಿ, ನೀವು ಕಲಿತವರು, ಒಂದು ಮಾತು ಹೇಳಿ. ಕೆರೆಯಲ್ಲಿ ಬಂಗುಡೆ ಆಗುತ್ತದಾ?"

"ಆಗುವುದಿಲ್ಲ. ಇದು ಸಮುದ್ರದ್ದೇ" ಎಂದು ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

ಜಗಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ ಬಗ್ಗಲಿಲ್ಲ. "ಮೀನು ಸಮುದ್ರದ್ದು, ಸರಿ. ಸಾಹೇಬರು ದಾರಿಯಲ್ಲಿ ಕೈ ತೊಳೆದದ್ದು ಎಲ್ಲಿ?"

ಮೊಣಕಾಲು

ಮುಂದಿನ ಮಳೆಗಾಲ ಮುಗಿಯುವಾಗ ಕೇರಿಯ ಬಾವಿಗಳಿಗೂ ಕೆರೆಯ ನೀರು ಒಸರಿತು. ಮಕ್ಕಳಿಗೆ ಕಾಮಾಲೆ ಬಂತು. ಈಜಲು ಬರುತ್ತಿದ್ದ ಒಂದು ಹುಡುಗಿ ಉಳಿಯಲಿಲ್ಲ. ಮಾಷ್ಟ್ರು ಆ ದಿನವೇ ತೆಂಗಿನಕಾಯಿಗಳ ಕಟ್ಟು ಬಿಚ್ಚಿ ಕೆರೆಯ ಕಟ್ಟೆಯ ಮೇಲಿಟ್ಟು ಮನೆಗೆ ಹೋದರು. ಮತ್ತೆ ಯಾರಿಗೂ ಕಲಿಸಲಿಲ್ಲ.

ಆಮೇಲೆ ಊರಿನವರ ಸಭೆ ಸೇರಿತು. ನಮ್ಮ ವರದಿಯನ್ನು ಗಟ್ಟಿಯಾಗಿ ಓದಿದರು. ಪೈಪು ತಪ್ಪಿಸಿ ಹೂಳೆತ್ತಿದರೆ ನೀರು ಸುಧಾರಿಸುತ್ತದೆ ಎಂದು ನಾವು ಬರೆದದ್ದು ಎರಡನೆಯ ಪುಟದಲ್ಲಿತ್ತು. ಸಭೆ ಮೊದಲನೆಯ ಪುಟಕ್ಕೇ ನಿಂತಿತು. "ನೀರು ಸರಿಯಿಲ್ಲ ಎಂದು ಲ್ಯಾಬಿನವರೇ ಹೇಳಿದ್ದಾರೆ. ಆದ್ದರಿಂದ ಕೆರೆಯನ್ನು ಮುಚ್ಚುವುದು" ಎಂದರು ಅಧ್ಯಕ್ಷರು. ಅಲ್ಲಿ ಅಂಗಡಿ ಸಾಲು ಕಟ್ಟುವ ಮಾತು ಆಗಲೇ ನಡೆದಿತ್ತು.

ಹಿಂದಿನ ಬೆಂಚಿನಿಂದ ಮಾಷ್ಟ್ರು ಎದ್ದು ನಿಂತರು.

"ಅಧ್ಯಕ್ಷರೇ, ನನ್ನ ಮೊಣಕಾಲೂ ಸರಿಯಿಲ್ಲ. ನನ್ನನ್ನು ಯಾವಾಗ ಮುಚ್ಚುವುದು?"

ಸಭೆ ಹೊಟ್ಟೆ ಹಿಡಿದು ನಕ್ಕಿತು. ಅಧ್ಯಕ್ಷರೂ ನಕ್ಕರು. ದೀಪಾವಳಿ ಕಳೆದ ಕೂಡಲೇ ಕೆಂಪು ಮಣ್ಣಿನ ಲಾರಿಗಳು ಬಂದವು.

ಆಚೆ ದಡ

ಕೆರೆ ಹೋದ ಮೇಲೆ ಮಾಷ್ಟ್ರು ಬೇಗ ಸೋತರು. ಒಂದೆರಡು ವರ್ಷದಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ಅವರನ್ನು ಕಂಡೆ. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದು ಡಾಕ್ಟರು ಹೇಳಿದ್ದರು. ನನ್ನನ್ನು ಕಂಡವರೇ ಕೇಳಿದರು: "ಬಾಯಿ, ನನ್ನ ನೀರು ನಿಮ್ಮ ಲ್ಯಾಬಿಗೆ ಬಂತಾ? ಸ್ನಾನಕ್ಕಾದರೂ ಆಗುತ್ತದಾ?"

ನಾನು ಅವರ ಹೊದಿಕೆ ಸರಿಮಾಡತೊಡಗಿದೆ. ಮಾತು ಬದಲಿಸಲೆಂದೋ ಏನೋ, ಅವರೇ ಪುನಃ ಕೇಳಿದರು. "ಅಷ್ಟು ವರ್ಷ ಕೆರೆಗೆ ಬಗ್ಗಿ ಬಗ್ಗಿ ನೀರು ತುಂಬಿಸಿದಿರಲ್ಲ, ನಿಮಗೆ ಈಜು ಬರುತ್ತದಾ?"

"ಇಲ್ಲ ಮಾಷ್ಟ್ರೇ."

ಅವರು ದಿಂಬಿನಿಂದ ತಲೆ ಎತ್ತಿದರು. "ಅಯ್ಯೋ ದೇವರೇ! ಜಾರಿ ಬಿದ್ದಿದ್ದರೆ? ಮೊದಲೇ ಹೇಳಬಾರದಿತ್ತಾ? ಹ್ಞೂಂ, ನಿಲ್ಲಿ ಅಲ್ಲಿ. ಕೈ ಮುಂದೆ ಚಾಚಿ. ನೀರನ್ನು ಹೊಡೆಯಬಾರದು, ಬದಿಗೆ ಸರಿಸಬೇಕು."

ಅದು ಅವರ ಕೊನೆಯ ವಾರವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಎರಡು ಮಂಚಗಳ ನಡುವೆ ಸೀರೆಯಲ್ಲೇ ನಿಂತು, ಕಣ್ಣೀರು ಸುರಿಸುತ್ತಾ ಗಾಳಿಯಲ್ಲಿ ಕೈ ಬೀಸತೊಡಗಿದೆ. ಸುತ್ತಲಿನ ರೋಗಿಗಳು ಎದ್ದು ಕೂತರು. ಮಾಷ್ಟ್ರು ಏದುಸಿರು ಬಿಡುತ್ತಾ, "ತಲೆ ಮೇಲೆ... ಉಸಿರು ಬಿಡಿ... ಹಾಗೆ" ಎನ್ನುತ್ತಿದ್ದರು.

ನರ್ಸು ಓಡಿ ಬಂದಳು. "ಎಂತ ಇದು? ನೋಡಲು ಬರುವವರ ಸಮಯ ಮುಗಿಯಿತು. ಅವರನ್ನು ಕಳುಹಿಸಿ!"

ಮಾಷ್ಟ್ರು ಅವಳಿಗೆ ಕೈ ಅಡ್ಡ ಹಿಡಿದರು.

"ಸ್ವಲ್ಪ ತಡೆಯಿರಿ ಸಿಸ್ಟರ್. ಬಾಯಿ ಈಗ ನಡುಕೆರೆಯಲ್ಲಿ ಇದ್ದಾರೆ. ದಡ ಮುಟ್ಟಿದ ಕೂಡಲೇ ಕಳುಹಿಸುತ್ತೇನೆ."