ಬಮ್ಮಿಗಟ್ಟಿ ಕೆರೆಯ ಹಾಯಿಮೀನು

“ಆಯ್ತವಾರ ಬೀಗರು ಬರಲಿ. ಬೋಟಿನ್ಯಾಗ ನಿಂತು ಗಾಳಾ ಒಗಿಯೂದು ಅಂದ್ರ ಏನು ಅನ್ನೂದನ್ನ ಅವರ ಕಣ್ಣಿಗೇ ತೋರಸ್ತೀನಿ” ಎಂದು ಮಲಿಕಸಾಬ ಚಹದ ಬಸಿಯನ್ನು ನೆಲಕ್ಕಿಟ್ಟು ಘೋಷಿಸಿದ.

ಒಲೆಯ ಮುಂದೆ ಕೂತಿದ್ದ ಜಮಾಲಬಿ ರೊಟ್ಟಿ ತಿರುವಿ ಹಾಕುತ್ತ, ತಲೆ ಎತ್ತದೆ, “ಬೋಟ ಎಲ್ಲೈತ್ರಿ?” ಎಂದಳು.

“ವೆಂಕಣ್ಣನ ಗಾಣದ ಕಡಾಯಿ ಐತಲ್ಲ.”

“ಅದರಾಗ ಬೆಲ್ಲಾ ಕಾಸ್ತಾರ.”

“ಈಗ ಕಬ್ಬಿನ ಹಂಗಾಮಲ್ಲ. ಖಾಲಿ ಬಿದ್ದೈತಿ.”

“ಖಾಲಿ ಐತಿ ಅಂತ ನೀವು ಹೋಗಿ ಅದರಾಗ ಕುಂಡ್ರೂದ?”

ಮಹತ್ಕಾರ್ಯಕ್ಕೆ ಹೊರಟವರು ಅಡುಗೆಮನೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಕೂತರೆ ಆಗುವುದಿಲ್ಲ. ಮಲಿಕಸಾಬ ನಿಚ್ಚಣಿಕೆ ಹಾಕಿಕೊಂಡು ಅಟ್ಟ ಹತ್ತಿದ, ಹಳೆಯ ಜಮಖಾನೆಯಲ್ಲಿ ಸುತ್ತಿಟ್ಟಿದ್ದ ಗಾಳದ ಕೋಲನ್ನು ಇಳಿಸಿದ.

ಮಗಳು ಶಬನಮ್‌ಳ ಲಗ್ನ ಅಂಕೋಲೆಯ ಅಲ್ಲಾವುದ್ದೀನರ ಮಗನ ಜೊತೆ ಗೊತ್ತಾಗಿತ್ತು. ಅಲ್ಲಾವುದ್ದೀನರೆಂದರೆ ತಲೆಮಾರುಗಳಿಂದ ದೋಣಿ, ಬಲೆ, ಮೀನು ಎಂದೇ ಬಾಳಿದ ಮನೆತನದವರು. ಹೋದ ತಿಂಗಳು ಅವರ ಮನೆಗೆ ಹೋದಾಗ ಊಟಕ್ಕೆ ಕೂತ ಮಲಿಕಸಾಬ ತನ್ನ ಹಳೆಯ ಕತೆ ತೆಗೆದಿದ್ದ. ತಾನು ಪ್ರಾಯದಲ್ಲಿ ದುಬೈಗೆ ಹೋಗಿದ್ದು, ಅಲ್ಲಿ ಶೋಕಿಗಾಗಿ ಮೀನು ಹಿಡಿಯಲು ಬರುವ ಪರದೇಶಿಗಳ ಬೋಟಿನಲ್ಲಿ ಕೆಲಸ ಮಾಡಿದ್ದು, ಒಂದು ದಿನ ಮರದ ಹುಸಿ ಮೀನನ್ನು ಒಗೆದು ಆಳೆತ್ತರದ ಹಾಯಿಮೀನನ್ನು ಹಿಡಿದದ್ದು. ಅಲ್ಲಾವುದ್ದೀನರು ಕೊನೆಯವರೆಗೂ ಸೌಜನ್ಯದಿಂದ ಕೇಳಿ, ಬಾಯಿ ಒರೆಸಿಕೊಂಡು ಹೇಳಿದರು:

“ಹಾಯಿಮೀನು ನಮ್ಮ ಬಲೆಗೂ ಬೀಳ್ತದೆ ಮಾರಾಯ್ರೇ. ಬಲೆಯನ್ನೇ ಹರಿದು ಹೋಗುವ ಮೀನು ಅದು. ಮಕ್ಕಳ ಆಟಿಕೆ ಒಗೆದರೆ ಬಂದು ಕಚ್ತದೆ ಅಂದರೆ, ಮತ್ತೆ ನಾವೆಲ್ಲ ಇಷ್ಟು ವರ್ಷ ಮಾಡಿದ್ದೇನು?”

ಪಂಕ್ತಿಯೆಲ್ಲ ನಕ್ಕಿತು. ಕಡಲೇ ಇಲ್ಲದ ಕಲಘಟಗಿ ಕಡೆಯ ಮನುಷ್ಯ ಕಡಲ ಕತೆ ಹೇಳುತ್ತಾನಲ್ಲ ಎಂಬ ನಗು. ಊರಲ್ಲಿ ಯಾರು ನಕ್ಕರೂ ಮಲಿಕಸಾಬನಿಗೆ ನಾಟುತ್ತಿರಲಿಲ್ಲ, ಏಕೆಂದರೆ ಅವರಾರೂ ಸಮುದ್ರ ಕಂಡವರಲ್ಲ. ಆದರೆ ಕಡಲಿನವರೇ ನಕ್ಕರೆ ಯಾರಿಗೆ ಹೇಳುವುದು? ಅದರಲ್ಲೂ ಮಗಳು ಆ ಮನೆಗೆ ಹೋಗಿ ಬಾಳಬೇಕು. ‘ಸುಳ್ಳುಬುರುಕನ ಮಗಳು’ ಎಂದು ಯಾರಾದರೂ ಅಂದರೆ?

ಕತೆಯಂತೂ ಸುಳ್ಳಾಗಿರಲಿಲ್ಲ. ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ತುಕ್ಕು ಹಿಡಿದ ದಾರದ ಚಕ್ರಕ್ಕೆ ಎಣ್ಣೆ ಬಿಡುತ್ತ ಕೂತವನಿಗೆ ಅದೆಲ್ಲ ನಿನ್ನೆ ನಡೆದಂತೆ ಕಣ್ಣ ಮುಂದೆ ಬಂತು. ಬೋಟು ಮೆಲ್ಲಗೆ ಸಾಗಬೇಕು. ಅದರ ಹಿಂದೆ ಕೊಕ್ಕೆಯಿಲ್ಲದ ಬಣ್ಣದ ಹುಸಿ ಮೀನುಗಳು ನೀರನ್ನು ಚಿಮ್ಮಿಸುತ್ತ ಎಳೆಸಿಕೊಂಡು ಬರಬೇಕು. ಅದನ್ನು ನೋಡಿ ಹಾಯಿಮೀನು ಆಳದಿಂದ ಏಳುತ್ತದೆ, ಭರ್ಚಿಯಂಥ ಮೂತಿಯಿಂದ ಬಡಿಯುತ್ತದೆ, ಬಾಯಿಗೆ ಸಿಗದೆ ಕೆರಳುತ್ತದೆ. ಮಲಿಕಸಾಬನ ಕೆಲಸವೆಂದರೆ ಆ ಹುಸಿ ಮೀನಿನ ದಾರವನ್ನು ಕೈಯಿಂದ ಎಳೆಯುತ್ತ, ಕೆರಳಿದ ಮೀನನ್ನು ಬೋಟಿನ ಹತ್ತಿರಕ್ಕೆ ಕರೆದು ತರುವುದು. ಹತ್ತಿರ ಬಂದಾಗ ದುಡ್ಡು ಕೊಟ್ಟು ಬಂದ ದೊರೆ ಕೊಕ್ಕೆಯಿರುವ ಇನ್ನೊಂದನ್ನು ಅದರ ಮೂತಿಯ ಮುಂದೆ ಒಗೆಯಬೇಕು. ಕರೆಯುವವನು ಇವನು, ಹಿಡಿಯುವವನು ಅವನು.

ಆ ದಿನ ಮಾತ್ರ ದೊರೆ ವಾಂತಿ ಮಾಡುತ್ತ ಅಡ್ಡ ಬಿದ್ದಿದ್ದ. ಮೀನು ಬೋಟಿನ ಬೆನ್ನಿಗೇ ಬಂದಿತ್ತು. ಚಾಲಕ ಕೂಗಿದ: ನೀನೇ ಒಗಿ.

ಮಲಿಕಸಾಬ ಒಗೆದ. ನೀರು ಸೀಳಿತು. ಚಕ್ರ ಕಿರುಚಿತು. ಮೀನು ಆಕಾಶಕ್ಕೆ ಹಾರಿತು, ಅದರ ಬೆನ್ನ ಮೇಲಿನ ಹಾಯಿ ಪೂರ್ತಿ ಬಿಚ್ಚಿಕೊಂಡಿತು. ನೀಲಿಯೂ ಅಲ್ಲದ, ಕಪ್ಪೂ ಅಲ್ಲದ, ಬಿಸಿಲಿಗೆ ಮಿರಮಿರ ಮಿಂಚುವ ನೇರಳೆ ಬಣ್ಣ. ಹಾಗೆ ಎಷ್ಟೋ ಸಲ ಹಾರಿ, ಎಳೆದಾಡಿ, ಕೊನೆಗೆ ಸೋತು ಬೋಟಿನ ಮಗ್ಗುಲಿಗೆ ಬಂತು. ಮಲಿಕಸಾಬ ಬಗ್ಗಿ, ಮೂತಿಯನ್ನು ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಅದಕ್ಕೆ ಉಸಿರು ಮರಳಲೆಂದು ನೀರಿನಲ್ಲೇ ಹಿಂದೆ ಮುಂದೆ ಆಡಿಸಿದ. ಹಿಡಿದದ್ದನ್ನು ಬಿಡುವುದು ಅಲ್ಲಿನ ಪದ್ಧತಿ, ಆದರೆ ಮೊದಲು ಒಂದು ಫೋಟೋ. ಚಾಲಕ ಕ್ಯಾಮರಾ ತರಲು ಒಳಗೆ ಓಡಿದ. ಅವನು ಹೊರಬರುವಷ್ಟರಲ್ಲಿ ಮಲಿಕಸಾಬನ ಕೈ ಸಡಿಲವಾಗಿತ್ತು, ಮೀನು ಹೋಗಿತ್ತು. ಯಾಕೆ ಬಿಟ್ಟೆ ಎಂದು ಚಾಲಕ ಬೈದ. ಹೀಗಾಗಿ ಅವನ ಕತೆಗೆ ಸಾಕ್ಷಿ ಎಂಬುದು ಇರಲಿಲ್ಲ.

ಶನಿವಾರ ಸಂಜೆ ವೆಂಕಣ್ಣನ ಅಪ್ಪಣೆ ಸಿಕ್ಕಿತು. ವೆಂಕಣ್ಣ ಶಾಲೆಯಲ್ಲಿ ಮಲಿಕಸಾಬನ ಜೊತೆ ಒಂದೇ ಹಲಗೆಯ ಮೇಲೆ ಕೂತವನು.

“ಒಯ್ಯಿ. ಆದ್ರ ಕಡಾಯಿ ಮುಳಗಿಸಿದಿ ಅಂದ್ರ ಬರೂ ಹಂಗಾಮಿಗೆ ನಿಮ್ಮ ಬಿರ್ಯಾನಿ ಡೇಗಿನ್ಯಾಗ ಬೆಲ್ಲಾ ಕಾಸ್ತೀನಿ ನೋಡು.”

“ಸಮುದ್ರದಾಗ ಮುಳಗದಾಂವಾ ಕೆರ್‍ಯಾಗ ಮುಳಗತೀನೇನ?”

“ಸಮುದ್ರದಾಗ ಕಡಾಯಿ ಒಯ್ದಿದ್ದಿಲ್ಲಲ್ಲ” ಎಂದ ವೆಂಕಣ್ಣ. ಆ ಮಾತನ್ನು ಮಲಿಕಸಾಬ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಯ್ತವಾರ ಮುಂಜಾನೆ ಮಳೆ ಬಿಡುವು ಕೊಟ್ಟಿತ್ತು. ಕೆರೆ ತುಂಬಿ, ಮಲಿಕಸಾಬನ ಹಿತ್ತಿಲಿನವರೆಗೂ ನೀರು ಬಂದಿತ್ತು. ಬಹಳ ದಿನದ ಮೇಲೆ ಬಿಸಿಲು ಕಂಡ ಜಮಾಲಬಿ ಟ್ರಂಕು ತೆಗೆದು, ತನ್ನ ನಿಕಾಹದ ರೇಷ್ಮೆ ಸೀರೆಯನ್ನು ಡಾಂಬರ ಗುಳಿಗೆಯ ವಾಸನೆ ಹೋಗಲೆಂದು ಹಿತ್ತಿಲ ಬೇವಿನ ಗಿಡದಿಂದ ಗೂಟಕ್ಕೆ ಕಟ್ಟಿದ ಹಗ್ಗದ ಮೇಲೆ ಹರವಿದಳು. ಅವತ್ತು ಬೀಗರ ಮುಂದೆ ಅದನ್ನು ಮಗಳಿಗೆ ಕೊಡುವವಳಿದ್ದಳು. ಗಿಡದ ಕೆಳಗೆ ನೆರಳಿನಲ್ಲಿ ವೆಂಕಣ್ಣನ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಅದು ಯಾವಾಗಲೂ ಅಲ್ಲೇ ನಿಲ್ಲುವುದರಿಂದ ಯಾರೂ ಅದರ ಕಡೆ ಲಕ್ಷ್ಯ ಕೊಡಲಿಲ್ಲ.

ಅಲ್ಲಾವುದ್ದೀನರೂ ಅವರ ಹೆಂಡತಿ ಜುಲೇಖಾಬಿಯೂ ಬಂದು, ಚಹ ಮುಗಿಸಿ, ಕೆರೆಯ ದಂಡೆಗೆ ಹಾಕಿದ ಕುರ್ಚಿಗಳ ಮೇಲೆ ಕೂತರು. ಮಲಿಕಸಾಬ ಪಾಯಜಾಮ ಮಡಚಿಕೊಂಡು ಕಡಾಯಿ ಏರಿದ. ಬೆಲ್ಲ ತಿರುವುವ ಉದ್ದನೆಯ ಮರದ ಸಟ್ಟುಗವೇ ಹುಟ್ಟು. ನಾಲ್ಕು ಮಾರು ನೀರಿಗಿಳಿದು ಎದ್ದು ನಿಂತಾಗ ಅವನ ಎದೆ ಆ ಹಳೆಯ ಬೋಟಿನ ಮೇಲಿದ್ದಷ್ಟೇ ಅಗಲವಾಯಿತು.

“ಬೀಗರ, ಅಲ್ಲಿ ನಡುನೀರಾಗ ಕೊಡಾ ತೇಲಾಕತ್ತೈತಿ ನೋಡ್ರಿ. ಅದಽ ಮೀನು ಅಂತ ತಿಳಕೋರಿ. ಅದರ ಮೂತಿ ಮುಂದ ಒಗೀತೀನಿ.”

“ಒಗೀರಿ, ಒಗೀರಿ” ಎಂದರು ಅಲ್ಲಾವುದ್ದೀನರು.

ಬೋಟಿಗೆ ಮೂತಿ ಇರುತ್ತದೆ, ಬಾಲ ಇರುತ್ತದೆ. ಕಡಾಯಿಗೆ ಎರಡೂ ಇಲ್ಲ. ದುಂಡಗಿನ ವಸ್ತುವಿನಲ್ಲಿ ನಿಂತು ಕೋಲು ಬೀಸಿದರೆ ಕೋಲು ಒಂದು ಕಡೆ ಹೋಗುತ್ತದೆ, ನಿಂತವನು ಇನ್ನೊಂದು ಕಡೆ ತಿರುಗುತ್ತಾನೆ. ಈ ಸರಳ ಸತ್ಯ ಮಲಿಕಸಾಬನಿಗೆ ಹೊಳೆದದ್ದು ಕೋಲು ಬೀಸಿದ ಮೇಲೆ. ಕಡಾಯಿ ಗರ್ರನೆ ಅರ್ಧ ಸುತ್ತು ತಿರುಗಿತು. ದಾರದ ತುದಿಯ ಕೊಕ್ಕೆಯ ಹುಸಿ ಮೀನು ಕೊಡವನ್ನು ಬಿಟ್ಟು, ಬೀಗರ ತಲೆಯ ಮೇಲಿಂದ ಹಾಯ್ದು, ಹಿತ್ತಿಲಿನ ಕಡೆ ಹಾರಿತು.

ದಾರ ಬಿಗಿಯಿತು. ಏನೋ ಕಚ್ಚಿದಂತಾಯಿತು. ಏನು ಎಂದು ನೋಡುವ ಮೊದಲೇ ಹಳೆಯ ಕೈ ತನ್ನ ಕೆಲಸ ಮಾಡಿತು. ಮಲಿಕಸಾಬ ಕೋಲನ್ನು ಜಗ್ಗಿ ಕೊಕ್ಕೆಯನ್ನು ಗಟ್ಟಿಯಾಗಿ ನಾಟಿಸಿದ.

ನಾಟಿದ್ದು ಜಮಾಲಬಿಯ ಸೀರೆಗೆ. ಅದು ಹಗ್ಗದಿಂದ ಕಿತ್ತು ಬಂದು ಗಾಳಿಗೆ ಒಮ್ಮೆ ತುಂಬಿಕೊಂಡು, ನೇರವಾಗಿ ಎಮ್ಮೆಯ ಮುಖದ ಮೇಲೆ ಇಳಿಯಿತು. ತಣ್ಣಗೆ ನಿಂತಿದ್ದ ಎಮ್ಮೆಗೆ ಹಗಲಿನಲ್ಲೇ ಜಗತ್ತೆಲ್ಲ ಕತ್ತಲೆಯಾಯಿತು. ಅದು ತಲೆ ಒಗೆಯಿತು, ಸೀರೆ ಕೊಂಬುಗಳಿಗೆ ಸುತ್ತಿಕೊಂಡಿತು, ಎಮ್ಮೆ ಬೆದರಿ ದಂಡೆಗುಂಟ ಓಟ ಕಿತ್ತಿತು. ಚಕ್ರ ಕಿರುಚಿತು.

“ದಾರಾ ಬಿಡ್ರಿ, ದಾರಾ ಬಿಡ್ರಿ” ಎಂದು ಜಮಾಲಬಿ ಓಡುತ್ತ ಬಂದಳು.

“ಬಿಟ್ರ ಕೊಕ್ಕಿ ಕಳಚತೈತಿ” ಎಂದ ಮಲಿಕಸಾಬ. ಅವನಿಗೆ ಯಾವ ಸಮುದ್ರದಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು. ದಾರ ಮುಗಿದ ಕೂಡಲೇ ಕಡಾಯಿ ಕುಲುಕಿ ಹೊರಟಿತು. ಎಮ್ಮೆ ಮುಂದೆ, ಕಡಾಯಿ ಹಿಂದೆ, ಎರಡೂ ಕಡೆ ನೀರು ಸೀಳುತ್ತಿತ್ತು. ಬೀಗರು ಕುರ್ಚಿ ಬಿಟ್ಟು ಎದ್ದು ನಿಂತರು. ಗದ್ದಲ ಕೇಳಿ ಬಂದ ವೆಂಕಣ್ಣ ಮೊದಲು “ನನ್ನ ಕಡಾಯಿ” ಎಂದ, ಆಮೇಲೆ ಮುಂದೆ ಓಡುತ್ತಿದ್ದದ್ದನ್ನು ಗುರುತಿಸಿ “ನನ್ನ ಎಮ್ಮಿ” ಎಂದ.

ಬೆದರಿದ ಎಮ್ಮೆಗೆ ನೀರೇ ಗತಿ. ಅದು ದಂಡೆ ಬಿಟ್ಟು ಕೆರೆಗೆ ಧುಮುಕಿತು. ಧುಮುಕುವಾಗ ಕೊಂಬಿಗೆ ಸಿಕ್ಕಿದ್ದ ನೇರಳೆ ರೇಷ್ಮೆ ಪಡುವಣ ಗಾಳಿಗೆ ಪೂರ್ತಿ ಬಿಚ್ಚಿಕೊಂಡು, ಜರಿ ಅಂಚು ಬಿಸಿಲಿಗೆ ಮಿಂಚಿ, ನೀರಿನ ಮೇಲೆ ಹಾಯಿಯ ಹಾಗೆ ನಿಂತಿತು. ಮಲಿಕಸಾಬನ ಕಣ್ಣು ತುಂಬಿ ಬಂತು. ಇಪ್ಪತ್ತೈದರ ಹರೆಯ, ಉಪ್ಪು ಗಾಳಿ, ಊರಿನಿಂದ ಪತ್ರ ಬರಲೆಂದು ಕಾಯುತ್ತಿದ್ದ ಶುಕ್ರವಾರಗಳು, ಎಲ್ಲವೂ ಆ ದಾರದ ಗುಂಟ ಹರಿದು ಅವನ ಕೈಗೆ ಬಂದಂತಾಯಿತು. ಕೋಲನ್ನು ಎತ್ತುವುದು, ಇಳಿಸುತ್ತ ದಾರ ಸುತ್ತುವುದು, ಮತ್ತೆ ಎತ್ತುವುದು. ಮೈ ಯಾವುದನ್ನೂ ಮರೆತಿರಲಿಲ್ಲ.

ಎದೆಮಟ್ಟದ ನೀರಿನಲ್ಲಿ ಎಮ್ಮೆ ದಣಿದು ನಿಂತಿತು. ಕಡಾಯಿ ಮೆಲ್ಲಗೆ ಅದರ ಮಗ್ಗುಲಿಗೆ ಬಂತು. ಮಲಿಕಸಾಬ ಬಗ್ಗಿ, ಹೆಬ್ಬೆರಳು ಒಳಗೆ ಬರುವಂತೆ ಅದರ ಕೊಂಬನ್ನು ಹಿಡಿದ. ಇನ್ನೊಂದು ಕೈಯಿಂದ ಸೆರಗಿನ ತುದಿಯಲ್ಲಿದ್ದ ಕೊಕ್ಕೆಯನ್ನು ಎಳೆ ಕೀಳದಂತೆ ನಾಜೂಕಾಗಿ ಬಿಡಿಸಿದ. ಆಮೇಲೆ, ದಂಡೆಯ ಮೇಲೆ ಎಲ್ಲರೂ ನೋಡುತ್ತಿದ್ದಂತೆ, ಎಮ್ಮೆಯ ತಲೆಯನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದ. ಎಮ್ಮೆಗೂ ಅದು ಹಿತವೆನಿಸಿರಬೇಕು, ಸುಮ್ಮನಿತ್ತು. “ಜಾ ಬೇಟಾ” ಎಂದು ಅದರ ಕೊಂಬು ಬಿಟ್ಟ. ಎಮ್ಮೆ ಗಂಭೀರವಾಗಿ ನಡುನೀರಿನತ್ತ ಹೋಯಿತು.

ಸಟ್ಟುಗ ಎಲ್ಲೋ ತೇಲಿಹೋಗಿತ್ತು. ಮಲಿಕಸಾಬ ಕಡಾಯಿಯಿಂದ ಇಳಿದು, ಅದನ್ನು ದೂಡಿಕೊಂಡು, ಎದೆವರೆಗೂ ತೊಯ್ದು ದಂಡೆಗೆ ಬಂದ. ಜುಲೇಖಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜ ಮಾತ್ರ ಅಲುಗುತ್ತಿತ್ತು. ಬಾಗಿಲಲ್ಲಿ ನಿಂತ ಶಬನಮ್ ಅಪ್ಪನನ್ನೂ ಅತ್ತೆಮಾವಂದಿರನ್ನೂ ತಿರುತಿರುಗಿ ನೋಡುತ್ತಿದ್ದಳು.

ಅಲ್ಲಾವುದ್ದೀನರು ನಗಲಿಲ್ಲ. ಮುಂದೆ ಬಂದು ಮಲಿಕಸಾಬನ ಒದ್ದೆ ಕೈ ಹಿಡಿದುಕೊಂಡರು.

“ನಂಬಿದೆ ಮಾರಾಯ್ರೇ. ಒಗೆದದ್ದು ನೋಡಿ ಅಲ್ಲ, ಅದನ್ನು ಬಿಡಿ. ನೀವು ಆ ಕೊಂಬು ಹಿಡಿದಿರಲ್ಲ, ಹೆಬ್ಬೆರಳು ಒಳಗೆ ಮಾಡಿ. ಹಾಯಿಮೀನಿನ ಮೂತಿ ಹಿಡಿದವನಲ್ಲದೆ ಬೇರೆ ಯಾರೂ ಹಾಗೆ ಹಿಡಿಯುದಿಲ್ಲ. ನನ್ನ ಅಪ್ಪನೂ ಹಾಗೇ ಹಿಡೀತಿದ್ದ.”

ಇಷ್ಟು ವರ್ಷ ಹೊತ್ತು ತಿರುಗಿದ ಕತೆ ಮಲಿಕಸಾಬನ ಹೆಗಲಿನಿಂದ ಇಳಿಯಿತು. ಆ ಸಂತೋಷದಲ್ಲಿ, ಊರಿಗಾಗಲಿ ಹೆಂಡತಿಗಾಗಲಿ ಎಂದೂ ಹೇಳದಿದ್ದ ಮಾತು ಬೀಗರ ಎದುರೇ ಬಾಯಿಂದ ಬಂದುಬಿಟ್ಟಿತು.

“ಜಮಾಲಬಿ, ಆವತ್ತು ಸಮುದ್ರದಾಗ ಅದರ ಹಾಯಿ ಬಿಚ್ಚಿದಾಗ ನನಗ ನಿನ್ನ ನಿಕಾಹದ ಸೀರಿ ಕಂಡಂಗಾತು. ಕಣ್ಣ ಮುಂದ ನೀನಽ ನಿಂತಿದ್ದಿ. ಆ ಗುಂಗಿನ್ಯಾಗ ಕೈ ಸಡಲಾತು ನೋಡು, ಮೀನ ಹೋತು.”

ಜಮಾಲಬಿ ಗಂಡನ ಮುಖ ನೋಡಿದಳು. ಅವಳ ಕಿವಿ ಕೆಂಪಾದದ್ದನ್ನು ಮಗಳೊಬ್ಬಳೇ ಕಂಡಳು. ಆಮೇಲೆ ಜಮಾಲಬಿ ಕೆರೆಯ ಕಡೆ ತಿರುಗಿದಳು. ನಡುನೀರಿನಲ್ಲಿ ಎಮ್ಮೆ ಕಣ್ಣು ಮುಚ್ಚಿ ಕೂತಿತ್ತು. ಅದರ ಎರಡೂ ಕೊಂಬಿಗೆ ಸುತ್ತಿಕೊಂಡ ನೇರಳೆ ರೇಷ್ಮೆ, ಕೊಕ್ಕೆಯಿಂದ ಬಿಡುಗಡೆಯಾಗಿ, ನೀರಿನ ಮೇಲೆ ಉದ್ದಕ್ಕೆ ಹರವಿಕೊಂಡಿತ್ತು.

“ಆವತ್ತು ನನ್ನ ಸೀರಿ ನೆನಪಾತು ಅಂತ ಮೀನ ಬಿಟ್ರಿ” ಎಂದಳು ಜಮಾಲಬಿ. “ಇವತ್ತು ಮೀನ ನೆನಪಾತು ಅಂತ ಸೀರಿನಽ ಬಿಟ್ಟು ಬಂದೀರಿ. ಹೋಗ್ರಿ, ಕೋಲು ಇಲ್ಲಿಟ್ಟು ಬರೇ ಕೈಲೆ ಹಿಡಕೊಂಡು ಬರ್ರಿ.”

ಮಲಿಕಸಾಬ ಕೋಲನ್ನು ಬೀಗರ ಕೈಗೆ ಕೊಟ್ಟು ಮತ್ತೆ ನೀರಿಗಿಳಿದ.