ಮತ್ತಿನ ಡಾಕ್ಟ್ರು ರಜೆ ಮೇಲಿದ್ದಾರೆ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬದುಕಲ್ಲಿ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ ಅಂತ ಎಲ್ಲರೂ ಬಲ್ಲರು. ಕೆಲಸ ಬಿಟ್ಟವರ ಬದುಕಲ್ಲಿ ಇನ್ನೂ ಜಾಸ್ತಿ ನಡೆಯುತ್ತದೆ ಅನ್ನುವುದು ನನಗೆ ಬಿಟ್ಟ ಮೇಲೇ ಗೊತ್ತಾಗಿದ್ದು. ನಗು ಮಾತ್ರ ಆವಾಗಾವಾಗ ತಡವಾಗಿ ಬರುತ್ತದೆ, ನಮ್ಮೂರ ಸಿಟಿ ಬಸ್ಸಿನ ಹಾಗೆ.

ನಾನು ಅರಿವಳಿಕೆ ಡಾಕ್ಟರು. ನಮ್ಮ ಕಡೆ ಜನ ‘ಮತ್ತಿನ ಡಾಕ್ಟ್ರು’ ಅಂತಾರೆ. ದೊಡ್ಡ ಊರುಗಳಲ್ಲಿ ನಮ್ಮಂಥವರು ಒಂದೇ ಆಸ್ಪತ್ರೆಯಲ್ಲಿ ಇರುತ್ತಾರಂತೆ. ಇಲ್ಲಿ ಹಾಗಲ್ಲ. ಬೆಳಿಗ್ಗೆ ತುಮಕೂರಲ್ಲಿ ಒಂದು ಸಿಸೇರಿಯನ್, ಅದು ಮುಗಿದರೆ ಗುಬ್ಬಿಯಲ್ಲಿ ಗರ್ಭಕೋಶ, ಅಲ್ಲಿಂದ ಕುಣಿಗಲ್‌ನಲ್ಲಿ ಬೈಕಿಂದ ಬಿದ್ದವನ ಕಾಲು. ಔಷಧಿ ಪೆಟ್ಟಿಗೆ ಹಿಂದಿನ ಸೀಟಲ್ಲಿ, ಊಟದ ಡಬ್ಬಿ ತೊಡೆ ಮೇಲೆ. ಫೋನ್ ಬಂದರೆ ಹೋಗಲೇಬೇಕು, ಯಾಕೆಂದರೆ ಆ ಕಡೆ ಯಾರೋ ಟೇಬಲ್ ಮೇಲೆ ಮಲಗಿ ಕಾಯುತ್ತಿರುತ್ತಾರೆ.

ಒಂದು ಮಧ್ಯಾಹ್ನ ಗುಬ್ಬಿಯಿಂದ ಕುಣಿಗಲ್‌ಗೆ ಹೊರಟವಳು ನೀರು ಕುಡಿಯೋಣ ಅಂತ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದೆ. ಕುಡಿದೆ. ಆಮೇಲೆ ಕೀ ತಿರುಗಿಸೋಕೆ ಕೈ ಹೋಗಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ನೋಡುತ್ತಾ ಕೂತೆ. ಕೊನೆಗೆ ‘ಬೇರೆಯವರನ್ನ ಕರೆಸಿಕೊಳ್ಳಿ’ ಅಂತ ಒಂದು ಮೆಸೇಜ್ ಹಾಕಿ, ನಮ್ಮವರಿಗೆ ಫೋನ್ ಮಾಡಿದೆ. ಅವರು ಕಾಲೇಜಿನಲ್ಲಿ ಪಾಠ ನಿಲ್ಲಿಸಿ ಸ್ನೇಹಿತರ ಕಾರಲ್ಲಿ ಬಂದು, ಪೆಟ್ರೋಲ್ ಖಾಲಿಯಾಗಿದೆಯೇನೋ ಅಂತ ಮೊದಲು ಅದನ್ನೇ ನೋಡಿದರು.

ಆಮೇಲೆ ಎಲ್ಲರೂ ಕೇಳಿದ್ದು ಒಂದೇ. “ಯಾರಾದ್ರೂ ಟೇಬಲ್ ಮೇಲೆ ಹೋಗ್ಬಿಟ್ರಾ?” ಇಲ್ಲ. ಯಾರೂ ಸಾಯಲಿಲ್ಲ. ಸತ್ತಿದ್ದರೆ ಹೇಳೋಕೆ ಒಂದು ಕಾರಣವಾದರೂ ಇರುತ್ತಿತ್ತು.

‘ಬಿಟ್ಟಿದೀನಿ’ ಅನ್ನುವ ಒಂದು ಮಾತು ಮಾತ್ರ ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ಕೇಳಿದವರಿಗೆಲ್ಲ ‘ರಜೆ ಮೇಲಿದೀನಿ’ ಅನ್ನುತ್ತಿದ್ದೆ. ಯಾರ ಕೈಕೆಳಗೂ ಇಲ್ಲದವಳಿಗೆ ರಜೆ ಕೊಟ್ಟವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಬ್ರೆಡ್ಡು, ಎಳನೀರು

ಉಪ್ಪಾರಹಳ್ಳಿಯ ನಮ್ಮ ಮನೆಗೆ ಜನ ಬರೋಕೆ ಶುರು ಮಾಡಿದರು. ಮೊದಮೊದಲು ನನಗೆ ತಿಳಿಯಲಿಲ್ಲ. ಬಂದವರ ಕೈಯಲ್ಲಿ ಬ್ರೆಡ್ಡು, ಮೋಸಂಬಿ, ಎಳನೀರು. ನಮ್ಮ ಕಡೆ ಬ್ರೆಡ್ಡು ಹಿಡಿದು ಯಾರೂ ಸುಮ್ಮನೆ ನೆಂಟರ ಮನೆಗೆ ಹೋಗುವುದಿಲ್ಲ. ಬ್ರೆಡ್ಡು ಅಂದರೆ ರೋಗಿ ನೋಡೋಕೆ ಬಂದಿದ್ದಾರೆ ಅಂತ.

ಸಿ.ಎಸ್. ಪುರದಿಂದ ನಮ್ಮತ್ತೆಯ ತಂಗಿ ಬಂದರು. ನನ್ನ ಕೆನ್ನೆ ಸವರಿದರು, ಕಣ್ಣಲ್ಲಿ ನೀರು ತಂದುಕೊಂಡರು, “ಎಂಥಾ ಮಗ, ಹೆಂಗಾಗೋದೆ” ಅಂದರು. ನಾನು ಕಾಫಿ ಮಾಡೋಕೆ ಎದ್ದರೆ, “ನೀನು ಏಳ್ಬ್ಯಾಡ ಕಣವ್ವ, ಕೂತ್ಕೊ” ಅಂತ ಒತ್ತಿ ಕೂರಿಸಿದರು. ಆಮೇಲೆ ನಮ್ಮವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕಿಟಕಿ ತೆಗೆದೇ ಇತ್ತು.

“ಯಾವ ಸ್ಟೇಜಪ್ಪ?”

“ಯಾವುದು ಚಿಕ್ಕಮ್ಮ?”

“ಮುಚ್ಚಿಡ್ಬ್ಯಾಡ. ಡಾಕ್ಟ್ರಾಗಿದ್ದೋಳೇ ಆಸ್ಪತ್ರೆ ಕಡೆ ತಲೆ ಹಾಕ್ತಿಲ್ಲ ಅಂದ್ರೆ, ಅದೇ ಕಾಯ್ಲೆ ಅಂತ ಊರಲ್ಲೆಲ್ಲ ಗೊತ್ತಾಗ್ಬುಟ್ಟದೆ.”

ನಮ್ಮವರು ಪಾಠ ಮಾಡುವ ಮನುಷ್ಯ. ಮನಸ್ಸಿಗೆ ಆಯಾಸವಾಗಿದೆ, ದೇಹಕ್ಕೆ ಏನೂ ಇಲ್ಲ, ಕೆಲಸದ ಒತ್ತಡ ಜಾಸ್ತಿಯಾದರೆ ಹೀಗಾಗುತ್ತದೆ ಅಂತ ವಿವರವಾಗಿ ಹೇಳಿದರು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡು ಒಳಗೆ ಬಂದರು. ಮುಖದಲ್ಲಿ ಸಮಾಧಾನ ಇತ್ತು, ಸ್ವಲ್ಪ ಬೇಜಾರೂ ಇತ್ತು. ಬಸ್ಸಲ್ಲಿ ಅಷ್ಟು ದೂರ ಬಂದಿದ್ದರು, ಪಾಪ. ಬ್ಯಾಗಿಂದ ಉದ್ದನೆಯ ಪ್ಲಾಸ್ಟಿಕ್ ಕವರು ತೆಗೆದರು. ಚಿಕ್ಕಪ್ಪನ ಮಂಡಿ ಎಕ್ಸ್‌ರೇ.

“ನಿಂಗೇನೂ ಇಲ್ವಲ್ಲ, ಹಂಗಾದ್ರೆ ಇದನ್ನಾದ್ರೂ ನೋಡವ್ವ.”

ಕೋಗಿಲೆ

ಆಪರೇಷನ್ ಮಾಡುವಾಗ ರೋಗಿಯ ಬೆರಳಿಗೆ ಒಂದು ಕ್ಲಿಪ್ ಹಾಕಿರುತ್ತೇವೆ. ಮೆಷಿನ್ನು ಟಿಕ್ ಟಿಕ್ ಅನ್ನುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ದನಿಯೂ ಇಳಿಯುತ್ತದೆ. ಪರದೆ ನೋಡಬೇಕಾಗಿಲ್ಲ, ಕಿವಿಯೇ ಸಾಕು. ಹಾಗೆ ಪಳಗಿದ ಕಿವಿ ಕೆಲಸ ಬಿಟ್ಟ ಮೇಲೂ ಕೆಲಸ ಬಿಡಲಿಲ್ಲ. ವಾಷಿಂಗ್ ಮೆಷಿನ್ ಮುಗಿಯಿತು ಅಂತ ಕೂಗಿದರೆ ಬಚ್ಚಲಿಂದ ಸೋಪಿನ ಮೈಯಲ್ಲೇ ಬಾಗಿಲ ತನಕ ಬಂದಿದ್ದೇನೆ. ಬೀದಿಯಲ್ಲಿ ಯಾರದೋ ಕಾರು ರಿವರ್ಸ್ ತೆಗೆದರೆ ಕೈಯಲ್ಲಿದ್ದದ್ದು ಬಿಟ್ಟು ಕಿಟಕಿಗೆ ಓಡುತ್ತಿದ್ದೆ.

ಎದುರು ಮನೆಯ ಮಾವಿನ ಮರದಲ್ಲಿ ಒಂದು ಕೋಗಿಲೆ ಇತ್ತು. ಅದರ ದನಿ ಏರುತ್ತಾ ಏರುತ್ತಾ ಹೋಗುತ್ತದಲ್ಲ, ಅದೊಂದು ಮಾತ್ರ ನನಗೆ ಹಿತ. ಅಂದರೆ ಆಮ್ಲಜನಕ ಸರಿಯಾಗುತ್ತಿದೆ. ಒಂದು ಸಂಜೆ ಹಾಗೇ ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದೆ. ಏರಿತು, ಏರಿತು, ತುತ್ತತುದಿಯಲ್ಲಿ ಥಟ್ಟನೆ ನಿಂತಿತು. ನಾನು ಎದ್ದು ನಿಂತಿದ್ದೆ.

“ಏನಾಯ್ತೇ?” ಅಂದರು ನಮ್ಮವರು.

“ನಿಂತೋಯ್ತು.”

“ಹಾರಿ ಹೋಗಿರತ್ತೆ ಕಣೇ. ಪಕ್ಷಿಗಳು ಹಂಗೇ ಮಾಡೋದು.”

ಆ ವಾರದ ಭಾನುವಾರ ಅವರು ಮುದ್ದೆ ಉಂಡು ಮಧ್ಯಾಹ್ನ ಮಲಗಿದರು. ಗೊರಕೆ ಶುರುವಾಯಿತು. ನಮ್ಮ ಶಾಸ್ತ್ರದಲ್ಲಿ ಗೊರಕೆ ಅಂದರೆ ಉಸಿರಿನ ದಾರಿಗೆ ನಾಲಿಗೆ ಅಡ್ಡ ಬಂದಿದೆ ಅಂತ. ನನಗೆ ಗೊತ್ತಿಲ್ಲದ ಹಾಗೇ ನನ್ನೆರಡೂ ಕೈ ಹೋಗಿ ಅವರ ದವಡೆ ಹಿಡಿದು ಮುಂದಕ್ಕೆ ಎತ್ತಿದ್ದವು. ಗಟ್ಟಿಯಾಗಿಯೇ ಎತ್ತಿರಬೇಕು.

“ಕೊಲ್ತೀಯೇನೇ?”

“ಉಸಿರಾಡ್ತಿರ್ಲಿಲ್ಲ ರೀ.”

ಅವರು ದವಡೆ ಸವರಿಕೊಂಡು ಎದ್ದು ಕೂತರು. “ಉಸಿರಾಡ್ದೆ ಗೊರಕೆ ಹೆಂಗೆ ಹೊಡೀಲಿ ಹೇಳು, ನಿಮ್ಮ ಶಾಸ್ತ್ರದಲ್ಲಿ ಇದ್ರೆ ಅದನ್ನೂ ಕಲಿತೀನಿ.”

ಅವರು ನಕ್ಕರು. ನಾನು ನಗೋಕೆ ಹೋಗಿ ಅತ್ತುಬಿಟ್ಟೆ. ಪಾಪ, ಅವತ್ತಿಂದ ಅವರು ಹೊರಗೆ ವರಾಂಡದಲ್ಲಿ ಮಲಗಿಕೊಳ್ಳೋಕೆ ಶುರು ಮಾಡಿದರು. ಪ್ರೀತಿ ಕಮ್ಮಿಯಾಗಿ ಅಲ್ಲ, ದವಡೆ ನೋವಿಗೆ.

ಮನಸ್ಸಿನ ಡಾಕ್ಟರು

ಕೊನೆಗೆ ನಮ್ಮವರೇ ನನ್ನನ್ನು ಊರಿನ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಯಾರಾದರೂ ಗುರುತು ಹಿಡಿದಾರು ಅಂತ ಮಾಸ್ಕ್ ಹಾಕಿಕೊಂಡೆ. ಅಲ್ಲಿ ಕೂತ ಮೇಲೆ ಅನ್ನಿಸಿತು, ನನ್ನನ್ನು ಯಾರು ಗುರುತು ಹಿಡಿಯುತ್ತಾರೆ? ಈ ಜಿಲ್ಲೆಯಲ್ಲಿ ಅರ್ಧ ಜನರನ್ನು ನಾನೇ ಮಲಗಿಸಿದ್ದೇನೆ, ನನ್ನ ಮುಖ ನೆನಪಿರುವವರು ಯಾರೂ ಇಲ್ಲ. ಅದೂ ಅಲ್ಲದೆ, ಅವರು ನನ್ನನ್ನು ಅಷ್ಟಿಷ್ಟು ನೋಡಿರುವುದೂ ಮಾಸ್ಕಿನಲ್ಲೇ. ತೆಗೆದು ಬ್ಯಾಗಿಗೆ ಹಾಕಿದೆ.

ಡಾಕ್ಟರು ಒಳ್ಳೆಯವರು. ನನಗಿಂತ ಚಿಕ್ಕವರು. ಮಾತು ಕಮ್ಮಿ, ಕೇಳಿಸಿಕೊಳ್ಳೋದು ಜಾಸ್ತಿ. ಹೊಂಗೆ ಮರದ ಕತೆ ಹೇಳಿದೆ. ಎಷ್ಟೋ ದಿನದಿಂದ ರೋಗಿಗಳ ಮುಖವೇ ಕಾಣುತ್ತಿರಲಿಲ್ಲ, ಬರೀ ಗಂಟಲು, ಬೆನ್ನುಮೂಳೆ, ನರ ಕಾಣುತ್ತಿತ್ತು ಅಂತ ಹೇಳಿದೆ. ಒಬ್ಬ ಬಾಣಂತಿ ‘ಮಗು ಏನು ಮೇಡಂ?’ ಅಂತ ಕೇಳಿದಾಗ, ಆ ರೂಮಲ್ಲಿ ಮಗು ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು ಅಂತಲೂ ಹೇಳಿದೆ. ಅದನ್ನು ನಮ್ಮವರಿಗೂ ಹೇಳಿರಲಿಲ್ಲ.

ಅವರು ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿದರು. “ನೀವು ಸೋತಿಲ್ಲ ಮೇಡಂ, ಸುಸ್ತಾಗಿದೀರ. ಆ ವಾತಾವರಣದಿಂದ ಸ್ವಲ್ಪ ದೂರ ಇರಿ. ಆಪರೇಷನ್ ಥಿಯೇಟರ್ ಯೋಚನೆನೇ ಬೇಡ.” ಎದೆ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ಕೈ ಮುಗಿದು ಎದ್ದೆ.

ಬಾಗಿಲ ಹತ್ತಿರ ಬಂದಾಗ ಅವರು ಕೆಮ್ಮಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮಲ್ಲಿ ವಾರಕ್ಕೊಂದಿನ ಶಾಕ್ ಟ್ರೀಟ್‌ಮೆಂಟ್ ಇರುತ್ತೆ. ಅದಕ್ಕೂ ಮತ್ತು ಕೊಡೋರು ಬೇಕು, ಯಾರೂ ಸಿಗ್ತಿಲ್ಲ. ಐದೈದು ನಿಮಿಷದ ಕೆಲ್ಸ. ನಿಮಗೂ ಒಂದು ಚೇಂಜು.”

ನಾನು ತಿರುಗಿದೆ. “ಡಾಕ್ಟರೇ, ನಾನು ಟೇಬಲ್ ಪಕ್ಕ ನಿಲ್ಲಬೇಕಾ, ಮೇಲೆ ಮಲಗಬೇಕಾ?”

ಪುಟ್ಟ ಅಪೆಂಡಿಕ್ಸ್

ಕುಣಿಗಲ್‌ನ ಒಬ್ಬ ಸರ್ಜನ್‌ಗೆ ನಾನು ಜಾಸ್ತಿ ಕೆಲಸ ಮಾಡಿದ್ದು. ಹಿರಿಯರು, ಕೈ ಚಳಕದವರು, ಮನಸ್ಸಲ್ಲಿ ಕೆಟ್ಟದ್ದಿಲ್ಲ. ಅವರ ಪ್ರಕಾರ ಮನುಷ್ಯನಿಗೆ ಬರುವ ದುಃಖವೆಲ್ಲ ಕೇಸು ಇಲ್ಲದಾಗ ಬರುವಂಥದ್ದು. ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು.

“ಏನ್ ಮೇಡಂ, ಇನ್ನೂ ಬೇಜಾರಾ?”

“ಹೂಂ ಸರ್.”

“ಮನೇಲಿ ಕೂತ್ರೆ ಇನ್ನೇನಾಗುತ್ತೆ? ಬನ್ನಿ, ಒಂದು ಪುಟ್ಟ ಅಪೆಂಡಿಕ್ಸ್ ಮಾಡೋಣ, ಹಗುರಾಗ್ತೀರ.”

“ರಜೆ ಮೇಲಿದೀನಿ ಸರ್.”

“ರಜೆ ಇರೋದಕ್ಕೇ ಕರೀತಿರೋದು. ಕೆಲ್ಸ ಇದ್ರೆ ನೀವೆಲ್ಲಿ ಸಿಗ್ತೀರಿ?”

ಫೋನ್ ಇಟ್ಟು ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ನಮ್ಮತ್ತೆ ಬಚ್ಚಲ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದರು. ಮುಂದಿನ ಸಲ ಫೋನ್ ಬಂದಾಗ ಅವರೇ ಎತ್ತಿದರು.

“ಅವ್ಳು ಮಲಗವ್ಳೆ ಡಾಕ್ಟ್ರೇ.”

“ಬೆಳಿಗ್ಗೆ ಹನ್ನೊಂದಕ್ಕಾ ಅಮ್ಮಾ?”

“ನಿಮಗೋಸ್ಕರ ಊರೋರ್ನೆಲ್ಲ ಮಲಗ್ಸವ್ಳೆ. ಅವ್ಳ ಸರದಿ ಈಗ ಬಂದದೆ.”

ಅತ್ತೆಯ ಆಪರೇಷನ್

ನಮ್ಮತ್ತೆಗೆ ಹರ್ನಿಯಾ. ವರ್ಷಗಟ್ಟಲೆ ಸೀರೆ ಗಂಟಿಗಿಂತ ಬಿಗಿಯಾಗಿ ಅದನ್ನು ಮುಚ್ಚಿಟ್ಟಿದ್ದರು. ನೋವು ಜಾಸ್ತಿಯಾದ ಮೇಲೆ ಬಾಯಿಬಿಟ್ಟರು. ಆಪರೇಷನ್ ಆಗಬೇಕು, ಅದೂ ಆ ಕುಣಿಗಲ್ ಡಾಕ್ಟರೇ ಮಾಡಬೇಕು ಅಂತ ಹಟ. ಹೋದೆವು.

ಸರ್ಜನ್ ಹೊಟ್ಟೆ ನೋಡಿದರು, ನನ್ನನ್ನು ನೋಡಿದರು. “ಮತ್ತಿಗೆ ಬೇರೆಯವರು ಯಾಕೆ? ಮನೇಲೇ ಇದಾರಲ್ಲ.” ನಮ್ಮವರೂ ನನ್ನ ಕಡೆ ತಿರುಗಿದರು. ಬೇರೆಯವರಿಗಾದರೆ ರಜೆ ಅನ್ನಬಹುದು. ಹೆತ್ತಮ್ಮನ ಹಾಗೆ ಚೊಂಬು ಹಿಡಿದು ನಿಂತವರಿಗೆ ಏನು ಹೇಳಲಿ? ಆಗಲಿ ಸರ್ ಅನ್ನೋಕೆ ಬಾಯಿ ತೆರೆದೆ. ಇದೊಂದು ಮಾಡಿದರೆ ನಾಳೆ ಇನ್ನೊಂದಕ್ಕೆ ಕರೆಯುತ್ತಾರೆ, ಹೋಗುತ್ತೇನೆ, ಆಮೇಲೆ ಯಾವ ಮರದ ಕೆಳಗೆ ಕಾರು ನಿಲ್ಲುತ್ತದೋ ಗೊತ್ತಿಲ್ಲ.

“ಇವ್ಳು ಬ್ಯಾಡ,” ಅಂದರು ಅತ್ತೆ.

“ಯಾಕಮ್ಮಾ?”

“ಇವ್ಳು ಸೂಜಿ ಚುಚ್ಚಿ ನಾನು ಹೋಗ್ಬುಟ್ರೆ, ಸೊಸೇನೇ ಕೊಂದ್ಲು ಅಂತ ಬೀದಿಯೋರು ಅಂತಾರೆ. ಉಳ್ಕಂಡ್ರೆ ನೀವು ನಾಳಿಂದ ಮತ್ತೆ ಫೋನ್ ಮಾಡ್ತೀರ. ಎರಡೂ ಬ್ಯಾಡ. ಬೇರೆಯೋರ್ನ ಕರ್ಸಿ. ಇವ್ಳು ಪಕ್ಕದಲ್ಲಿ ಕೂತಿರ್ಲಿ, ಸಾಕು.”

ತುಮಕೂರಿಂದ ಇನ್ನೊಬ್ಬ ಮತ್ತಿನ ಡಾಕ್ಟರು ಬಂದರು. ನನ್ನ ಹಾಗೇ ಕಾರಲ್ಲಿ ತಿರುಗುವವರು. ಕಣ್ಣ ಕೆಳಗೆ ಕಪ್ಪು, ಜೇಬಲ್ಲಿ ಅರ್ಧ ಬಿಸ್ಕೆಟ್ ಪ್ಯಾಕು. ಕೈ ತೊಳೆಯುವಾಗ ಮೆಲ್ಲಗೆ ಕೇಳಿದರು, “ಮೇಡಂ, ಮನೇಲಿದ್ರೆ ನಿದ್ದೆ ಬರುತ್ತಾ?” ಬರುತ್ತೆ, ಆದರೆ ನಿಧಾನ ಅಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಅತ್ತೆಗೆ ಬೆನ್ನಿಗೆ ಇಂಜೆಕ್ಷನ್ ಆಯಿತು. ಸೊಂಟದಿಂದ ಕೆಳಗೆ ಮರಗಟ್ಟಿತು, ಬಾಯಿ ಮಾತ್ರ ಚೆನ್ನಾಗಿ ಎಚ್ಚರವಿತ್ತು. ಎದೆಯ ಹತ್ತಿರ ಹಸಿರು ಪರದೆ, ಪರದೆಯ ಈಚೆ ಅತ್ತೆಯ ತಲೆ, ಪಕ್ಕದಲ್ಲಿ ಸ್ಟೂಲ್ ಮೇಲೆ ನಾನು. ನನ್ನ ಕಣ್ಣು ಮಾನಿಟರ್ ಕಡೆಗೇ ಹೋಗುತ್ತಿತ್ತು.

“ಅಲ್ಲೇನ್ ನೋಡ್ತೀಯ? ಇಲ್ಲಿ ನೋಡು, ನಾನು ಇಲ್ಲಿವ್ನಿ.”

ನೋಡಿದೆ. ಮೂಗುಬೊಟ್ಟು ತೆಗೆಸಿದ್ದ ಜಾಗ, ಬೆವರು, ಹೆದರಿಕೆ. ಟೇಬಲ್ ಮೇಲೆ ಮಲಗಿದವರ ಮುಖವನ್ನು ಅಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ಹೆದರಿಕೆಗೇ ಇರಬೇಕು, ಅವರು ಮಾತು ಶುರು ಮಾಡಿದರು. ನಿಮ್ಮ ಮಗಳ ಮದುವೆಗೆ ನಮ್ಮನ್ನು ಯಾಕೆ ಕರೆಯಲಿಲ್ಲ ಅಂತ ಸರ್ಜನ್‌ರನ್ನು ವಿಚಾರಿಸಿದರು. ಹೋಗಲಿ, ಊಟಕ್ಕೆ ಏನೇನು ಮಾಡಿಸಿದ್ದಿರಿ, ಅದನ್ನಾದರೂ ಹೇಳಿ ಅಂದರು.

“ಅಮ್ಮಾ, ನೀವು ಮಾತಾಡಿದ್ರೆ ಹೊಟ್ಟೆ ಅಲ್ಲಾಡುತ್ತೆ. ಹೊಲಿಗೆ ಹಾಕಕ್ಕೆ ಆಗ್ತಿಲ್ಲ.”

“ಹಂಗಾರೆ ನೀವೇ ಮಾತಾಡಿ, ನಾನು ಕೇಳುಸ್ಕತೀನಿ.”

ಅಷ್ಟರಲ್ಲಿ ಆ ಇನ್ನೊಬ್ಬ ಡಾಕ್ಟರಿಗೆ ಗುಬ್ಬಿಯಿಂದ ಫೋನ್. ಬಾಗಿಲ ಹತ್ತಿರ ನಿಂತು, “ಹೊರಟೆ ಸರ್, ದಾರೀಲಿದೀನಿ” ಅನ್ನುತ್ತಿದ್ದರು. ನಾನೂ ಹೀಗೇ ಹೇಳುತ್ತಿದ್ದೆ. ಸರ್ಜನ್ ತಲೆ ಎತ್ತಲಿಲ್ಲ. ಎಷ್ಟೋ ವರ್ಷದ ಅಭ್ಯಾಸ, ದನಿಯೂ ಅದೇ.

“ಮೇಡಂ, ಇವರಿಗೆ ಒಂಚೂರು ನಿದ್ದೆದು ಕೊಡಿ.”

ತುಂಬಿಟ್ಟ ಸಿರಿಂಜು ನನ್ನ ಪಕ್ಕದ ಟ್ರೇಯಲ್ಲೇ ಇತ್ತು. ನನ್ನ ಬಲಗೈ ಹೊರಟಿತ್ತು. ನಾನು ಕಳಿಸಿದ್ದಲ್ಲ, ಅದಾಗಿಯೇ ಹೊರಟಿದ್ದು. ಟ್ರೇ ಮುಟ್ಟುವ ಮೊದಲು ಅದನ್ನು ನೋಡಿದೆ. ಬೇರೆ ಯಾರದೋ ಕೈ ಥರ ಇತ್ತು. ವಾಪಸ್ ತಂದು ತೊಡೆ ಮೇಲೆ ಇಟ್ಟುಕೊಂಡೆ.

“ಸರ್, ನಾನು ಕೆಲಸ ಬಿಟ್ಟಿದೀನಿ.”

ದನಿ ನಡುಗಲಿಲ್ಲ. ನನಗೇ ಆಶ್ಚರ್ಯವಾಯಿತು. ಬಾಗಿಲಲ್ಲಿದ್ದ ಡಾಕ್ಟರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ತಿರುಗಿ ನೋಡಿದರು. ನರ್ಸ್ ನೋಡಿದಳು. ಸರ್ಜನ್ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಾ ನಿಂತುಬಿಟ್ಟರು.

ಅತ್ತೆ ಪರದೆಯ ಈಚೆಯಿಂದ ಕತ್ತು ಸ್ವಲ್ಪ ಎತ್ತಿ ಅಂದರು:

“ಡಾಕ್ಟ್ರೇ, ನಿಮಗೂ ಬುಡಂಗಿದ್ರೆ ಬುಡಿ, ನಾನು ಬ್ಯಾಡ ಅನ್ನಾಕಿಲ್ಲ. ನಂದೊಂದು ಹೊಲಿಗೆ ಹಾಕ್ಬುಟ್ಟು ಬುಡಿ.”