ಸೂರ್ಯಾಸ್ತಕ್ಕೆ ಇನ್ನೂ ಎರಡು ತಾಸು

ಶಾಲೆಯಲ್ಲಿದ್ದಷ್ಟು ಕಾಲ ಶಿಸ್ತನ್ನು ಕಲಿಸಿದ ನಾನು, ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿತೆ. ಎರಡೂ ಒಂದೇ ಬಗೆಯ ಕೆಲಸಗಳೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆದ್ದರಿಂದ, ಖಾನಾಪುರದಲ್ಲಿ ನನ್ನ ಹೆಂಡತಿ ಪದ್ಮಾಳ ತಮ್ಮ ಅಜಿತನ ಮಗಳ ನಿಶ್ಚಿತಾರ್ಥವೆಂದಾಗ, ಊಟದ ವೇಳೆಯ ಹೊಣೆಯನ್ನು ನಾನೇ ಕೇಳಿ ಪಡೆದೆ.

ಹೊಣೆ ಸಣ್ಣದಲ್ಲ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ವರನ ಅಜ್ಜಿಯಂತೂ ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟುವವರಲ್ಲ. ಅವರು ಉಣ್ಣದೆ ಎದ್ದರೆ ಅಜಿತನ ಮನೆಯ ಮರ್ಯಾದೆ ಉಳಿಯದು.

ಅನಗೋಳದ ನಮ್ಮ ಮನೆಯಲ್ಲಿ ಕುಳಿತು ಆ್ಯಪ್ ರಚಿಸಿದೆ. ಅಡುಗೆಗೊಂದು, ಪಂಕ್ತಿಗೊಂದು, ಸೂರ್ಯಾಸ್ತಕ್ಕೊಂದು ಮಾಡ್ಯೂಲ್, ಎಂದರೆ ಆ್ಯಪಿನ ಬಿಡಿಭಾಗ. ಎಲ್ಲವನ್ನೂ ಜೋಡಿಸಲು ಒಂದು ಮುಖ್ಯ ಮಾಡ್ಯೂಲ್. ಯಾವ ಮಾಡ್ಯೂಲೂ ತನಗೆ ಬೇಕಾದುದನ್ನು ತಾನೇ ತಂದುಕೊಳ್ಳಬಾರದು. ಅದು ಕೇಳಬೇಕು, ಮುಖ್ಯ ಮಾಡ್ಯೂಲ್ ಒದಗಿಸಬೇಕು. ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎನ್ನುತ್ತಾರೆ. ಗಡಿಯಾರವನ್ನು ಸಹ ಯಾರೂ ತಾವಾಗಿ ನೋಡುವಂತಿರಲಿಲ್ಲ. ಎಂಥ ಶಿಸ್ತು!

ಪರೀಕ್ಷಿಸಲೆಂದು, ಸದಾ ನಾಲ್ಕು ಗಂಟೆಯನ್ನೇ ತೋರಿಸುವ ಹುಸಿ ಗಡಿಯಾರವೊಂದನ್ನು ಬೇರೊಂದು ಮಾಡ್ಯೂಲಿನಲ್ಲಿ ಇಟ್ಟಿದ್ದೆ. ಕೊನೆಗೆ ಎಲ್ಲವನ್ನೂ ಜೋಡಿಸಿದಾಗ ಕಂಪ್ಯೂಟರು ತಕರಾರು ತೆಗೆಯಿತು: ಗಡಿಯಾರಗಳು ಎರಡಿವೆ, ಯಾವುದನ್ನು ಒದಗಿಸಲಿ? ಒಂದನ್ನು ಹೊಡೆದುಹಾಕಿದೆ. ತಕರಾರು ನಿಂತಿತು. ಹೊಡೆದುಹಾಕಿದ್ದು ಯಾವುದೆಂದು ಮರಳಿ ನೋಡಲಿಲ್ಲ. ಪರರ ಉತ್ತರಪತ್ರಿಕೆಯನ್ನು ತಿದ್ದಿ ರೂಢಿಯಾದವನು ತನ್ನದನ್ನು ನೋಡುತ್ತಾನೆಯೇ!

ನಿಶ್ಚಿತಾರ್ಥದ ದಿನ ಖಾನಾಪುರದಲ್ಲಿ ಮೋಡ ಕವಿದು ಹೊತ್ತೇ ತಿಳಿಯುತ್ತಿರಲಿಲ್ಲ. ನನಗೆ ಇದಕ್ಕಿಂತ ಸಂತೋಷದ ಸಂಗತಿ ಬೇರಿಲ್ಲ. ಆ್ಯಪಿನ ನಿಯಮವನ್ನು ಮನೆಗೂ ವಿಸ್ತರಿಸಿದೆ. ಗೋಡೆಯ ಗಡಿಯಾರವನ್ನು ಇಳಿಸಿದೆ. ಅಡುಗೆಯ ಭರಮಣ್ಣನ ಕೈಗಡಿಯಾರವನ್ನು ಬಿಚ್ಚಿಸಿ ಜೇಬಿಗೆ ಹಾಕಿಕೊಂಡೆ. ಸಮಯವನ್ನು ನಾನು ಒದಗಿಸುತ್ತೇನೆ, ಯಾರೂ ತಾವಾಗಿ ನೋಡಕೂಡದು ಎಂದು ಸಾರಿದೆ.

ಸೂರ್ಯಾಸ್ತಕ್ಕೆ ಇನ್ನೂ ಎರಡು ತಾಸು ಎಂದಿತು ಆ್ಯಪ್. ಅದನ್ನು ನಂಬಿ ಭರಮಣ್ಣ, ಹೋಳಿಗೆಯನ್ನು ಬಡಿಸುವ ಹೊತ್ತಿಗೇ ಬೇಯಿಸಿದರಾಯಿತೆಂದು ತಡೆದ. ಉಡಿ ತುಂಬಿದ್ದಾಯಿತು, ಉಂಗುರ ತೊಡಿಸಿದ್ದಾಯಿತು. ಬಂದವರ ಫೋನುಗಳೆಲ್ಲ ಫೋಟೋ ತೆಗೆಯುವುದರಲ್ಲಿ ಮಗ್ನವಾಗಿದ್ದವು. ನಾನು ಆಗಾಗ ಎದ್ದು ನಿಂತು, ಸಮಯ ಧಾರಾಳವಾಗಿದೆ ಎಂದು ಘೋಷಿಸುತ್ತಿದ್ದೆ.

“ಏನ್ರೀ, ಆಗಲೂ ಎರಡ ತಾಸ ಅಂದ್ರಿ, ಈಗೂ ಎರಡ ತಾಸ ಅಂತೀರಿ,” ಎಂದಳು ಪದ್ಮಾ.

“ನೀ ಲೆಕ್ಕದಾಗ ಮೊದಲಿಂದನೂ ಹಿಂದ. ಸುಮ್ನ ಎಲಿ ಒರಸ ಹೋಗು,” ಎಂದೆ.

ಒರೆಸಲು ಹೋದವಳು, ಎಲೆಯೇ ಕಾಣಿಸುತ್ತಿಲ್ಲವೆಂದು ದೀಪ ಹಾಕಿದಳು.

ಎಲ್ಲರೂ ಕಿಟಕಿಯತ್ತ ತಿರುಗಿ ನೋಡಿದರು; ಹೊರಗೆ ಕತ್ತಲೆ. ಜೇಬಿನಿಂದ ಭರಮಣ್ಣನ ಗಡಿಯಾರವನ್ನು ತೆಗೆದು ನೋಡಿದೆ. ಆರೂವರೆ ದಾಟಿತ್ತು! ಆ್ಯಪಿನಲ್ಲಿ ಮಾತ್ರ ಇನ್ನೂ ನಾಲ್ಕೇ ಗಂಟೆ; ನಾನು ಹೊಡೆದುಹಾಕಿದ್ದು ನಿಜವಾದ ಗಡಿಯಾರವನ್ನು.

“ಮಾಮಾ, ನಿಮ್ಮ ಫೋನಿನಾಗ ಇನ್ನೂ ಬಿಸಲ ಐತೇನ್ರಿ?” ಎಂದು ಅಜಿತ ಮೆಲ್ಲಗೆ ಕೇಳಿದ. ವರನ ಅಜ್ಜಿ ಬರಿಯ ಎಲೆಗೆ ಕೈಮುಗಿದು ಎದ್ದರು. ನಾನು ಡಿಪೆಂಡೆನ್ಸಿ ಇಂಜೆಕ್ಷನ್ನಿನ ತತ್ತ್ವವನ್ನು ಸವಿಸ್ತಾರವಾಗಿ ವಿವರಿಸತೊಡಗಿದೆ. ಹಸಿದವರು ಬಹಳ ಹೊತ್ತು ಕೇಳಲಿಲ್ಲ.

ಅಜ್ಜಿ ಅಜಿತನ ಹೆಗಲು ಮುಟ್ಟಿದರು. “ನಿಮ್ಮ ಮ್ಯಾಲ ಸಿಟ್ಟಿಲ್ರಿ. ಇವತ್ತ ಇಲ್ಲೇ ಇರ್ತೀನಿ, ಮುಂಜಾನಿ ಉಂಡ ಹೋಗ್ತೀನಿ. ಮಾಸ್ತರನ್ನ ಮಾಳಿಗಿ ಮ್ಯಾಲ ಕುಂದರಸ್ರಿ. ಹೊತ್ತ ಹುಟ್ಟಿದ್ದರ ನೋಡಿ ಹೇಳ್ಲಿ.”

ಮರ್ಯಾದೆ ಉಳಿಯಿತು, ಅಜಿತನದು. ನಾನು ನಸುಕಿನಲ್ಲೇ ಮಾಳಿಗೆ ಹತ್ತಿ, ಪೂರ್ವಕ್ಕೆ ಮುಖಮಾಡಿ ಕುಳಿತೆ. ಬಹಳ ಹೊತ್ತಿನ ಮೇಲೆ ಮೋಡದ ಸಂದಿಯಲ್ಲಿ ಸೂರ್ಯ ಇಣುಕಿದ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿಕೊಂಡು, ಗಂಭೀರವಾಗಿ ಕೆಳಗಿಳಿದೆ.

ಅಜ್ಜಿ ಉಂಡು ಕೈ ತೊಳೆಯುತ್ತಿದ್ದರು. ನನ್ನ ವರದಿಗಾಗಿ ಯಾರೂ ಕಾದಿರಲಿಲ್ಲ!